ಯಂತ್ರ ಕೊಂಡಿದ್ದೇವೆ, ಪುಸ್ತಕ ಕೊಡಿ: ಕನ್ನಡದ ಪ್ರಕಾಶಕರಿಗೆ ಒಂದು ಬಹಿರಂಗ ಪತ್ರ

ಕನ್ನಡದ ಎಲ್ಲ ಪುಸ್ತಕ ಪ್ರಕಾಶಕರಿಗೆ,
ಉಡುಪಿಯ ಒಬ್ಬ ಓದುಗಳ ನಮಸ್ಕಾರಗಳು.

ಮಾನ್ಯರೇ,

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಲೆಕ್ಕ ಕೇಳುವುದು, ಲೆಕ್ಕ ಕೊಡುವುದು ಎರಡೂ ಮೈಗೂಡಿ ಹೋಗಿವೆ. ಆದ್ದರಿಂದ ಈ ಪತ್ರದಲ್ಲಿ ರೂಪಾಯಿಯ ಮಾತು ಸ್ವಲ್ಪ ಹೆಚ್ಚಾಗಿಯೇ ಬಂದರೆ ಬೇಸರಿಸಬಾರದು. ವಿಷಯ ಇಷ್ಟು: ಎಲೆಕ್ಟ್ರಾನಿಕ್ ಕಾಗದದ ಪರದೆಯುಳ್ಳ ಇ-ರೀಡರನ್ನು ಹಣ ಕೊಟ್ಟು ತಂದಿಟ್ಟುಕೊಂಡ ಕನ್ನಡ ಓದುಗರಿಗೆ, ಅದರಲ್ಲಿ ಓದಬಹುದಾದ ಕನ್ನಡ ಪುಸ್ತಕಗಳನ್ನು ನಿಮ್ಮಲ್ಲಿ ಬಹುಪಾಲು ಮಂದಿ ಮಾರುತ್ತಿಲ್ಲ. ಕೊಳ್ಳುತ್ತೇವೆಂದು ಬಂದವರನ್ನೂ ಬರಿಗೈಯಲ್ಲಿ ಕಳುಹಿಸುತ್ತಿದ್ದೀರಿ. ಯಾಕೆಂದು ಕೇಳಲು, ಮಾರಿ ಎಂದು ವಿನಂತಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಸಾಧನದ ಬಗ್ಗೆ ನಾಲ್ಕು ಮಾತು. ನಿಮ್ಮಲ್ಲಿ ಕೆಲವರು ಇದನ್ನು ಕೈಯಲ್ಲಿ ಹಿಡಿದೇ ನೋಡಿಲ್ಲವೆಂಬುದು ಫೋನಿನಲ್ಲಿ ಮಾತನಾಡುವಾಗ ನನಗೆ ತಿಳಿಯಿತು. “ಟ್ಯಾಬ್ ತಾನೇ ಮೇಡಂ?” ಎಂದವರಿದ್ದಾರೆ. ಅಲ್ಲ. ಟ್ಯಾಬ್, ಮೊಬೈಲುಗಳ ಪರದೆ ತಾನೇ ಬೆಳಕು ಹೊಮ್ಮಿಸಿ ಕಣ್ಣಿಗೆ ಹಾಯಿಸುತ್ತದೆ. ಇ-ರೀಡರಿನ ಪರದೆಯಲ್ಲಿರುವುದು ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಕೋಶಗಳು. ಒಂದೊಂದರ ಒಳಗೂ ತಿಳಿಯಾದ ದ್ರವ, ಅದರಲ್ಲಿ ತೇಲುವ ಬಿಳಿಯ ಮತ್ತು ಕಪ್ಪು ಕಣಗಳು. ಬಿಳಿಯದಕ್ಕೆ ಒಂದು ವಿದ್ಯುದಾವೇಶ, ಕಪ್ಪಿಗೆ ಅದಕ್ಕೆ ವಿರುದ್ಧವಾದದ್ದು. ವಿದ್ಯುತ್ತಿನ ದಿಕ್ಕು ಬದಲಿಸಿದಂತೆ ಬಿಳಿ ಮೇಲೇರುತ್ತದೆ, ಇಲ್ಲವೇ ಕಪ್ಪು ಮೇಲೇರುತ್ತದೆ. ಏರಿದ್ದು ಅಲ್ಲೇ ನಿಲ್ಲುತ್ತದೆ. ಪುಟ ಮಗುಚುವಾಗ ವಿದ್ಯುತ್ ಬೇಕು, ಮಗುಚಿದ ಪುಟ ನಿಂತಿರಲು ಬೇಡ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುವುದು ಇದೇ ಕಾರಣಕ್ಕೆ. ಅಚ್ಚಾದ ಹಾಳೆಯಂತೆ ಬೆಳಕು ಬಿದ್ದಷ್ಟೂ ಅಕ್ಷರ ಸ್ಪಷ್ಟ. ಮಧ್ಯಾಹ್ನದ ಬಿಸಿಲಿಗೆ ಜಗಲಿಯಲ್ಲಿ ಕುಳಿತು ಓದಬಹುದು.

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹೊರಬಂದವರು ಈ ಪರದೆ ಮಾಡುವ ಇ ಇಂಕ್ ಕಂಪನಿ ಕಟ್ಟಿದ್ದು 1997ರಲ್ಲಿ. ಸೋನಿ ಕಂಪನಿ ಜಪಾನಿನಲ್ಲಿ ಇಂಥ ಪರದೆಯ ಓದುಯಂತ್ರವನ್ನು ಮಾರಾಟಕ್ಕಿಟ್ಟದ್ದು 2004ರಲ್ಲಿ. 2007ರ ನವೆಂಬರಿನಲ್ಲಿ ಅಮೆಜಾನಿನ ಮೊದಲ ಕಿಂಡಲ್ 399 ಡಾಲರಿಗೆ ಬಂದು, ಐದೂವರೆ ಗಂಟೆಯಲ್ಲಿ ದಾಸ್ತಾನು ಖಾಲಿಯಾಗಿತ್ತು. ಆಗ ಹುಟ್ಟಿದ ಮಕ್ಕಳು ಈಗ ಕಾಲೇಜು ಮೆಟ್ಟಿಲು ಹತ್ತುತ್ತಿದ್ದಾರೆ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ಪುಟ ಬದಲಾಗುವಾಗ ಪರದೆ ಒಮ್ಮೆ ಕಪ್ಪಾಗಿ ಮಿನುಗುತ್ತದೆ. ಹಿಂದಿನ ಪುಟದ ಅಕ್ಷರಗಳ ನೆರಳು ಕೆಲವೊಮ್ಮೆ ಉಳಿಯುತ್ತದೆ. ಸಾಧಾರಣ ಬೆಲೆಯ ಯಂತ್ರಗಳಲ್ಲಿ ಬಣ್ಣವಿಲ್ಲ. ಪುಸ್ತಕದ ಪರಿಮಳವಿಲ್ಲ ಎನ್ನುವ ರಸಿಕರಿದ್ದಾರೆ. ಅವರು ಮಳೆ ಜಡಿಯುವ ಆಟಿ ತಿಂಗಳಿನಲ್ಲಿ ಒಮ್ಮೆ ನಮ್ಮ ಮನೆಗೆ ಬಂದು ಕಪಾಟಿನ ಬಾಗಿಲು ತೆರೆಯಲಿ.

ಕರಾವಳಿಯಲ್ಲಿ ಪುಸ್ತಕ ಸಾಕುವ ಕಷ್ಟ ಬೆಂಗಳೂರು, ಧಾರವಾಡದವರಿಗೆ ಹೇಳಿದರೆ ಅರ್ಥವಾಗುವುದು ತಡ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಜೂನ್ ಕಾಲಿಟ್ಟರೆ ಮರದ ಬಾಗಿಲು ಉಬ್ಬಿ ಬಿಗಿಯುತ್ತದೆ. ಎಳೆದು ತೆರೆದರೆ ರಟ್ಟಿನ ಮೇಲೆ ಬೂಸ್ಟು, ಒಳಗೆ ಕಂದು ಕಲೆ, ಬೆನ್ನಿನ ಅಂಟು ಬಿಟ್ಟು ಕಂತೆಯಾಗಿ ಕೈಗೆ ಬರುವ ಹಾಳೆಗಳು. ನುಸಿಗುಳಿಗೆ, ಬೇವಿನೆಲೆ, ಕಪಾಟಿನೊಳಗೆ ಉರಿಯುವ ಸಣ್ಣ ಬಲ್ಬು, ಎಲ್ಲವನ್ನೂ ಮಾಡಿ ನೋಡಿದ್ದೇವೆ. ನನ್ನ ತಂದೆಯವರ ಸಂಗ್ರಹದ ಒಂದು ಇಡೀ ಸಾಲನ್ನು ಗೋಡೆಯೊಳಗಿಂದ ಬಂದ ಒರಲೆ ಹಿಂಬದಿಯಿಂದ ತಿಂದಿತ್ತು. ಮುಂದಿನಿಂದ ನೋಡಿದರೆ ಬೆನ್ನುಗಳು ಹೆಸರು ಸಮೇತ ನೆಟ್ಟಗೆ ನಿಂತಿದ್ದವು. ಒಂದನ್ನು ಎಳೆದಾಗ ಕೈಗೆ ಬಂದದ್ದು ರಟ್ಟು, ನೆಲಕ್ಕೆ ಸುರಿದದ್ದು ಮಣ್ಣು.

ಆ ಸಾಲಿನ ಪುಸ್ತಕಗಳನ್ನು ಮತ್ತೆ ಕೊಳ್ಳಲು ಹೊರಟಾಗಲೇ ನನಗೆ ನಿಮ್ಮ ಲೋಕದ ಪರಿಚಯವಾದದ್ದು. ಅಂಗಡಿಯಲ್ಲಿ ಕೇಳಿದರೆ “ಪ್ರಕಾಶಕರಲ್ಲೇ ವಿಚಾರಿಸಿ” ಎನ್ನುತ್ತಾರೆ. ಪ್ರಕಾಶಕರನ್ನು ಕೇಳಿದರೆ “ಪ್ರತಿಗಳು ಮುಗಿದಿವೆ.” ಮರುಮುದ್ರಣ ಯಾವಾಗ? “ನೋಡಬೇಕು.” ಐನೂರು, ಸಾವಿರ ಪ್ರತಿ ಅಚ್ಚು ಹಾಕಿ, ಅದು ಮುಗಿಯಲು ವರ್ಷಗಟ್ಟಲೆ ಕಾಯುವ ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ, ಸಾಲದ ಅರ್ಜಿಗಳ ಹಿಂದೆ ಅದನ್ನು ಕಂಡಿದ್ದೇನೆ. ಗೋದಾಮಿನ ಬಾಡಿಗೆ, ಮಳೆಗೆ ಹಾಳಾದ ಕಟ್ಟುಗಳು, ಅಂಗಡಿಯವರು ಹಿಂದಿರುಗಿಸದ ಹಣ. ಆದರೆ ಮುಗಿದುಹೋಗದ, ಒರಲೆ ಮುಟ್ಟದ, ಗೋದಾಮು ಕೇಳದ ಪ್ರತಿಯೊಂದನ್ನು ಮಾಡಿಡುವ ದಾರಿ ಇರುವಾಗ ಅದನ್ನು ಯಾಕೆ ಹಿಡಿಯುವುದಿಲ್ಲ?

ನಮ್ಮ ಮನೆಗೆ ಇ-ರೀಡರ್ ಬಂದದ್ದು ಅಮ್ಮನಿಗಾಗಿ. ವಯಸ್ಸು ಎಂಬತ್ತು ದಾಟಿದೆ. ಅಕ್ಷಿಪಟಲದ ನಡುಭಾಗ ಸವೆದಿದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಸಾಲಿನ ನಡುವೆ ಅಕ್ಷರಗಳು ಮಾಯವಾಗುತ್ತವೆ. ಭೂತಗನ್ನಡಿ ಹಿಡಿದರೆ ಕೈ ನಡುಗುತ್ತದೆ, ಮೊಬೈಲಿನ ಬೆಳಕಿಗೆ ಕಣ್ಣಲ್ಲಿ ನೀರು. ಕೆನಡಾದಲ್ಲಿ ಓದುತ್ತಿರುವ ನನ್ನ ತಮ್ಮನ ಮಗ ರಜೆಗೆ ಬರುವಾಗ ಅಜ್ಜಿಗೆಂದು ಆರು ಇಂಚಿನ ಕೋಬೋ ಯಂತ್ರ ತಂದ. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸು. ಅದಕ್ಕೆ ಕೋರೀಡರ್ ಎಂಬ ಮುಕ್ತ ತಂತ್ರಾಂಶ ಹಾಕಿ, ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರಸಂಕೇತದ ಒಂದು ಕನ್ನಡ ಫಾಂಟ್ ಸೇರಿಸಿದ. ಒತ್ತಕ್ಷರ, ಅರ್ಕಾವತ್ತು ಎಲ್ಲ ಕೂಡಬೇಕಾದಲ್ಲೇ ಕೂಡಿದವು. ಅಕ್ಷರವನ್ನು ಹೆಬ್ಬೆರಳ ಉಗುರಿನಷ್ಟು ದೊಡ್ಡದು ಮಾಡಿದೆವು. ಪುಟಕ್ಕೆ ಏಳೆಂಟು ಸಾಲು ಮಾತ್ರ ಉಳಿಯಿತು, ಆದರೆ ಸಾಲುಗಳು ತಾವಾಗಿ ಮುರಿದು ಪರದೆಯ ಅಗಲಕ್ಕೆ ಹೊಸದಾಗಿ ಜೋಡಿಸಿಕೊಂಡವು. ಅಮ್ಮ ಒಂದು ಕಥೆಯನ್ನು ಯಾರ ಸಹಾಯವೂ ಇಲ್ಲದೆ ಓದಿ ಮುಗಿಸಿ, “ಇನ್ನೊಂದು ಹಾಕು” ಎಂದರು.

ಇನ್ನೊಂದು ಎಲ್ಲಿದೆ? ಕಾವಲಿ ತಂದು ಒಲೆಯ ಮೇಲಿಟ್ಟವರಿಗೆ ಊರಲ್ಲೆಲ್ಲೂ ದೋಸೆ ಹಿಟ್ಟು ಸಿಗದಂತೆ ಆಗಿದೆ ನಮ್ಮ ಸ್ಥಿತಿ.

ಕೆಲವರು ಪಿಡಿಎಫ್ ಕೊಡುತ್ತೇವೆ ಎಂದಿರಿ. ದಯವಿಟ್ಟು ಒಮ್ಮೆ ಪಿಡಿಎಫ್ ಕಡತವನ್ನು ಆರಿಂಚಿನ ಪರದೆಯಲ್ಲಿ ತೆರೆದು ನೋಡಿ. ಅದು ಅಚ್ಚಿನ ಪುಟದ ಚಿತ್ರ. ಅಕ್ಷರ ಹಿಗ್ಗಿಸಿದರೆ ಪುಟವೂ ಪರದೆಯಿಂದಾಚೆ ಹಿಗ್ಗುತ್ತದೆ. ಪ್ರತಿ ಸಾಲಿಗೂ ಬಲಕ್ಕೆ ಎಳೆದು ಮತ್ತೆ ಎಡಕ್ಕೆ ತರಬೇಕು. “ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದರ ತಲೆ ಮರೆತುಹೋಗುತ್ತದೆ” ಎಂದು ಅಮ್ಮ ಯಂತ್ರವನ್ನು ಮಡಿಲಿನಿಂದ ಕೆಳಗಿಟ್ಟರು. ಬೇಕಾದದ್ದು ಇಪಬ್ ಎಂಬ ರೂಪ, ಅಕ್ಷರದ ಗಾತ್ರಕ್ಕೆ ತಕ್ಕಂತೆ ಸಾಲು ಮರುಜೋಡಿಸಿಕೊಳ್ಳುವಂಥದ್ದು. ಅದು 2007ರಿಂದ ಇರುವ ಮುಕ್ತ ಮಾನದಂಡ. ಬಳಸಲು ಯಾರಿಗೂ ಶುಲ್ಕ ಕಟ್ಟಬೇಕಾಗಿಲ್ಲ.

ಈಗ ಲೆಕ್ಕ. 2025ರ ಏಪ್ರಿಲಿನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಏಳು ಇಂಚಿನ ಕಿಂಡಲ್ ಪೇಪರ್‌ವೈಟಿನ ಬೆಲೆ ಆಗ 16,999 ರೂಪಾಯಿ. ಒಂದು ಕನ್ನಡ ಕಾದಂಬರಿಗೆ 250 ರೂಪಾಯಿ ಎಂದಿಟ್ಟುಕೊಂಡರೆ ಆ ಹಣಕ್ಕೆ ಸುಮಾರು 68 ಪುಸ್ತಕ ಬರುತ್ತವೆ. ತಿಂಗಳಿಗೆ ಎರಡು ಓದುವವರಿಗೆ ಹತ್ತಿರಹತ್ತಿರ ಮೂರು ವರ್ಷದ ಸರಕು. ಇಂಗ್ಲಿಷ್ ಓದುವವರು ಈ ಹಣವನ್ನು ಹೇಗೆ ಹುಟ್ಟಿಸಿಕೊಳ್ಳುತ್ತಾರೆ ನೋಡಿ. ಹಕ್ಕುಸ್ವಾಮ್ಯ ಮುಗಿದ 70,000ಕ್ಕೂ ಹೆಚ್ಚು ಪುಸ್ತಕಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹೊಸ ಪುಸ್ತಕಗಳ ಇ-ಪ್ರತಿ ಎಷ್ಟೋ ಸಲ ಅಚ್ಚಿನ ಪ್ರತಿಗಿಂತ ಅಗ್ಗ. ಒಂದೆರಡು ವರ್ಷದಲ್ಲಿ ಯಂತ್ರದ ಹಣ ಕೈ ಸೇರುತ್ತದೆ, ಅಲ್ಲಿಂದಾಚೆಗೆ ಎಲ್ಲ ಉಳಿತಾಯ. ಕನ್ನಡ ಓದುಗಳು ಅದೇ ಬೆಲೆ ತೆತ್ತು ಅದೇ ಯಂತ್ರ ತಂದರೆ ಒಂದು ಪೈಸೆಯೂ ಮರಳಿ ಬರುವುದಿಲ್ಲ, ಏಕೆಂದರೆ ಹಾಕಲು ಪುಸ್ತಕವಿಲ್ಲ. ಬೆಲೆಚೀಟಿಯ ಮೇಲೆ ಒಂದೇ ಅಂಕಿ. ನಮಗೆ ಮಾತ್ರ ಅದು ದುಬಾರಿ. ಈ ದುಬಾರಿತನಕ್ಕೆ ಯಂತ್ರ ಮಾಡಿದವರಷ್ಟೇ ನೀವೂ ಕಾರಣ ಎಂಬುದು ನನ್ನ ದೂರು.

ತೆರಿಗೆಯ ಮಾತನ್ನು ಎತ್ತದೆ ಇರಲಾರೆ, ಆದರೆ ಬೇಗ ಮುಗಿಸುತ್ತೇನೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ಶೇ 18 ಇದ್ದದ್ದು, ಅಚ್ಚಿನ ಆವೃತ್ತಿ ಇರುವ ಪುಸ್ತಕಗಳ ಮಟ್ಟಿಗೆ 2018ರ ಜುಲೈಯಲ್ಲಿ ಶೇ 5ಕ್ಕೆ ಇಳಿಯಿತು. ಓದುವ ಯಂತ್ರಕ್ಕೆ ಶೇ 18. ಇದನ್ನು ದೆಹಲಿಯವರಿಗೆ ಬೇರೆಯೇ ಬರೆಯಬೇಕು.

ದೊಡ್ಡ ಕಂಪನಿಗಳು ಕನ್ನಡವನ್ನು ಕಡೆಗಣಿಸಿದ್ದು ನಿಜ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲಿಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ಸಿಟ್ಟು ನನಗೂ ಇದೆ. ಆದರೆ ಅವರ ಅಂಗಡಿಯಲ್ಲಿ ಜಾಗ ಸಿಗಲಿಲ್ಲವೆಂದು ನಮ್ಮ ಅಂಗಡಿಗೆ ಬೀಗ ಹಾಕಿಕೊಳ್ಳಬೇಕೆಂದೇನೂ ಇಲ್ಲ. ಇಪಬ್ ಕಡತವನ್ನು ನಿಮ್ಮ ಸ್ವಂತ ಜಾಲತಾಣದಲ್ಲಿ, ಯುಪಿಐ ಮೂಲಕ ಹಣ ಪಡೆದು ಮಾರಬಹುದು. ನಿಮ್ಮಲ್ಲಿ ಹಲವರು ಅಚ್ಚಿನ ಪುಸ್ತಕವನ್ನು ಈಗಾಗಲೇ ಹಾಗೆ ಮಾರುತ್ತಿದ್ದೀರಿ.

ನನಗೆ ಸಿಕ್ಕ ಉತ್ತರಗಳಿಗೆ ಬರುತ್ತೇನೆ.

“ನಮ್ಮ ಫೈಲೆಲ್ಲ ನುಡಿಯಲ್ಲಿದೆ, ಪೇಜ್‌ಮೇಕರಿನಲ್ಲಿದೆ.” ಹಳೆಯ ಕನ್ನಡ ಟೈಪಿಂಗ್, ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಎಂದರ್ಥ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಬ್ಬ ಪ್ರಕಾಶಕರು ದೊಡ್ಡ ಮನಸ್ಸು ಮಾಡಿ ಒಂದು ಅಧ್ಯಾಯದ ಕಡತವನ್ನು ಕಳುಹಿಸಿದ್ದರು. ಹಳೆಯ ಫಾಂಟಿನ ಆ ಬರಹವನ್ನು ಇ-ರೀಡರಿಗೆ ಹಾಕಿದಾಗ ಕನ್ನಡ ಎಂಬ ಪದವೇ ಇಂಗ್ಲಿಷಿನ ಪಿ, ಪೌಂಡಿನ ಚಿಹ್ನೆ, ಕ್ಯೂ, ತಲೆಯ ಮೇಲೆ ಗೀಟುಗಳಿರುವ ಎಗಳ ಕಲಸುಮೇಲೋಗರವಾಗಿತ್ತು. ಪುಕ್ಕಟೆ ಸಿಗುವ ಪರಿವರ್ತಕವೊಂದರಲ್ಲಿ ಹಾಕಿ ಯೂನಿಕೋಡಿಗೆ ತಂದೆ. ಬಹುಪಾಲು ಸರಿಯಾಯಿತು, ಆದರೆ ಅರ್ಕಾವತ್ತು ಕಾಲು ಜಾರಿತ್ತು. ‘ಸೂರ್ಯ’ ಹೋಗಿ ‘ಸೂಯರ್’, ‘ಧೈರ್ಯ’ ಹೋಗಿ ‘ಧೈಯರ್’. ಸಾಲು ಸಾಲು ಕುಳಿತು ತಿದ್ದಿದೆ. ಒಂದು ಅಧ್ಯಾಯಕ್ಕೆ ಒಂದು ಮಧ್ಯಾಹ್ನ ಸಾಕಾಯಿತು, ಅದೂ ಈ ಕಸುಬು ಗೊತ್ತಿಲ್ಲದ ನನಗೆ. ನಿಮ್ಮ ಡಿಟಿಪಿ ಮಾಡುವವರು ಇದನ್ನು ಇನ್ನೂ ಚುರುಕಾಗಿ ಮಾಡಿಯಾರು. ಹಳೆಯ ಪುಸ್ತಕಗಳ ಮಾತು ಹಾಗಿರಲಿ, ಇವತ್ತು ಅಚ್ಚಿಗೆ ಹೋಗುವ ಹೊಸ ಪುಸ್ತಕವನ್ನೂ ಹಳೆಯ ಫಾಂಟಿನಲ್ಲೇ ಜೋಡಿಸುವುದು ಯಾಕೆ? ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಮುದ್ರಣಾಲಯ ತೆರೆದದ್ದು 1841ರಲ್ಲಿ. 1843ರಲ್ಲಿ ಮಂಗಳೂರು ಸಮಾಚಾರ ಹೊರಟದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಬರೆದು ಕನ್ನಡ ಪತ್ರಿಕೆ ತೆಗೆದ ಊರಿನ ಪಕ್ಕದಲ್ಲಿ ಕುಳಿತು ಫಾಂಟಿನ ನೆಪ ಕೇಳುವುದು ನನಗೆ ಸ್ವಲ್ಪ ಕಷ್ಟ.

“ಇ-ಪುಸ್ತಕ ಕೊಟ್ಟರೆ ಎಲ್ಲರೂ ಕಳ್ಳಪ್ರತಿ ಹಂಚುತ್ತಾರೆ.” ಹಂಚುವವರು ಈಗಲೂ ಹಂಚುತ್ತಿದ್ದಾರೆ. ನಿಮ್ಮ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿವೆ. ನನಗೂ ಬಂದಿವೆ, ಕೇಳದೆಯೇ. ಕಳ್ಳಪ್ರತಿ ಮಾಡಲು ಒಂದು ಅಚ್ಚಿನ ಪುಸ್ತಕ, ಒಂದು ಮೊಬೈಲು ಸಾಕು. ಅಧಿಕೃತ ಇ-ಪ್ರತಿ ಇಲ್ಲದಿರುವುದರಿಂದ ಕಳ್ಳರಿಗೆ ಏನೂ ತೊಂದರೆಯಾಗಿಲ್ಲ. ಹಣ ಕೊಟ್ಟು ಓದಬೇಕೆನ್ನುವವರಿಗೆ ಮಾತ್ರ ಬಾಗಿಲು ಮುಚ್ಚಿದೆ. ಇಷ್ಟಾಗಿಯೂ ಭಯವಿದ್ದರೆ ಪ್ರತಿ ಕಡತದಲ್ಲೂ ಕೊಂಡವರ ಹೆಸರನ್ನು ಅಚ್ಚೊತ್ತಿ ಕೊಡಿ. ನನ್ನ ಹೆಸರಿರುವ ಪುಸ್ತಕವನ್ನು ನಾನು ಊರಿಗೆಲ್ಲ ಹಂಚುವವಳಲ್ಲ.

“ನಮ್ಮ ಆ್ಯಪಿನಲ್ಲಿ ಓದಿ” ಎಂದವರಿಗೂ ಉತ್ತರ ಹೇಳಬೇಕು. ನಿಮ್ಮ ಆ್ಯಪ್ ಮೊಬೈಲಿನಲ್ಲಿ ತೆರೆಯುತ್ತದೆ, ಅಮ್ಮನ ಯಂತ್ರದಲ್ಲಿ ತೆರೆಯುವುದಿಲ್ಲ. ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರಗಳಿವೆ, ಅವುಗಳ ಬೆಲೆ ಇನ್ನೂ ಮೇಲೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಆ್ಯಪ್ ನಿಂತುಹೋದ ದಿನ ನಾನು ಹಣ ಕೊಟ್ಟ ಪುಸ್ತಕಗಳ ಗತಿಯೇನು? 2009ರ ಜುಲೈಯಲ್ಲಿ ಅಮೆಜಾನ್ ತಾನೇ ಮಾರಿದ್ದ ಪುಸ್ತಕಗಳನ್ನು ಗ್ರಾಹಕರ ಕಿಂಡಲುಗಳಿಂದ ದೂರದಲ್ಲೇ ಕುಳಿತು ಅಳಿಸಿ, ಆಮೇಲೆ ಕ್ಷಮೆ ಕೇಳಿತು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಂಡು ತಂತಿಯ ಮೂಲಕ ಯಂತ್ರಕ್ಕೆ ಹಾಕುವ ಸೌಲಭ್ಯವನ್ನು 2025ರ ಫೆಬ್ರವರಿಯಲ್ಲಿ ತೆಗೆದುಹಾಕಿತು. ಅಷ್ಟು ದೊಡ್ಡ ಅಂಗಡಿಯೇ ಹೀಗೆ ಮಾಡಿದ ಮೇಲೆ, ಇಬ್ಬರು ಹುಡುಗರು ನೋಡಿಕೊಳ್ಳುವ ಆ್ಯಪನ್ನು ನಂಬಿ ನನ್ನ ಕಪಾಟನ್ನು ಒಪ್ಪಿಸಲಾರೆ. ಹಣ ತೆಗೆದುಕೊಳ್ಳಿ, ಕಡತವನ್ನು ನನ್ನ ಕೈಗೆ ಕೊಡಿ.

“ಲೇಖಕರ ಅನುಮತಿ ಬೇಕಲ್ಲ” ಎಂಬ ಮಾತನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಳೆಯ ಕರಾರುಗಳಲ್ಲಿ ಇ-ಪುಸ್ತಕದ ಮಾತೇ ಇರಲಿಕ್ಕಿಲ್ಲ. ಲೇಖಕರಿಗೆ, ಇಲ್ಲವೇ ಅವರ ಮಕ್ಕಳಿಗೆ ಒಂದು ಪತ್ರ ಬರೆದು, ಗೌರವಧನದ ಪಾಲು ಇಷ್ಟೆಂದು ಸ್ಪಷ್ಟವಾಗಿ ನಮೂದಿಸಿ ಒಪ್ಪಿಗೆ ಪಡೆಯಿರಿ. ಪಾಲು ಕೊಡುವಾಗ ಕಾಗದ, ಬೈಂಡಿಂಗು, ಲಾರಿ ಬಾಡಿಗೆ ಉಳಿದದ್ದನ್ನು ನೆನಪಿಟ್ಟುಕೊಂಡು ಕೈ ಸ್ವಲ್ಪ ಸಡಿಲ ಬಿಡಿ.

ಯಾರ ಅನುಮತಿಯೂ ಬೇಡದ ಪುಸ್ತಕಗಳೂ ಇವೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಮುದ್ದಣ ತೀರಿಕೊಂಡದ್ದು 1901ರಲ್ಲಿ, ಪಂಜೆ ಮಂಗೇಶರಾಯರು 1937ರಲ್ಲಿ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು; ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಮೂವರೂ ನಮ್ಮ ಕರಾವಳಿಯವರು. ಅವರ ಹಳೆಯ ಪುಸ್ತಕಗಳ ಸ್ಕ್ಯಾನ್ ನೋಡಿದ್ದೇನೆ. ಅಕ್ಷರ ಹಿಗ್ಗಿಸಿ ಓದಬಹುದಾದ, ಬಲ್ಲವರು ಕರಡು ತಿದ್ದಿದ ಇಪಬ್ ಪ್ರತಿ ನನಗೆ ಸಿಕ್ಕಿಲ್ಲ. ಮಂಗಳೂರು, ಉಡುಪಿಯ ಪ್ರಕಾಶಕರು ಇಲ್ಲಿಂದ ಶುರು ಮಾಡಲಿ. ನೂರು ರೂಪಾಯಿ ಬೆಲೆಯಿಟ್ಟರೂ ಕೊಳ್ಳುತ್ತೇನೆ, ಕರಡು ತಿದ್ದಿದವರ ಶ್ರಮಕ್ಕೆ ಅದು ಸಲ್ಲಬೇಕಾದದ್ದೇ.

ಕೊನೆಗೆ, “ಇದನ್ನೆಲ್ಲ ಯಾರು ಕೊಳ್ಳುತ್ತಾರೆ ಮೇಡಂ?” ಇದನ್ನು ಕೇಳಿದವರು ಕೊಳ್ಳಲೆಂದೇ ಫೋನು ಮಾಡಿದ್ದ ನನ್ನನ್ನೇ ಕೇಳಿದರು. ನಮ್ಮ ಜಿಲ್ಲೆಯ ಮನೆಗಳನ್ನು ನೋಡಿ. ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿಯಲ್ಲಿ, ಅಮೆರಿಕದಲ್ಲಿ. ಅವರಿಗೆ ಅಂಚೆಯಲ್ಲಿ ಪುಸ್ತಕ ಕಳುಹಿಸಿದರೆ ಪುಸ್ತಕಕ್ಕಿಂತ ಅಂಚೆ ವೆಚ್ಚ ದೊಡ್ಡದು. ಊರಿನಲ್ಲಿ ಉಳಿದವರು ನಾವು, ಕಣ್ಣು ಮಂಜಾಗುತ್ತಿರುವವರು, ಕೈಯಲ್ಲಿ ಪಿಂಚಣಿಯೂ ಸಮಯವೂ ಇರುವವರು. ಎರಡೂ ಕಡೆ ಗಿರಾಕಿಗಳಿದ್ದಾರೆ. ಗುಂಪು ದೊಡ್ಡದೆಂದು ನಾನು ಹೇಳುವುದಿಲ್ಲ. ಅಚ್ಚಿನ ಐನೂರು ಪ್ರತಿಯ ಗುಂಪೂ ದೊಡ್ಡದಲ್ಲ.

ಅಮ್ಮನಂಥವರ ವಿಷಯದಲ್ಲಿ ಕಾನೂನು ನಿಮಗಿಂತ ಮುಂದಿದೆ ಎಂಬುದನ್ನೂ ತಿಳಿಸಬೇಕು. 2012ರ ತಿದ್ದುಪಡಿಯ ನಂತರ, ದೃಷ್ಟಿದೋಷದಂಥ ಅಂಗವೈಕಲ್ಯದಿಂದ ಅಚ್ಚು ಓದಲಾಗದವರಿಗಾಗಿ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಕಾಯ್ದೆ ಅವಕಾಶ ಕೊಡುತ್ತದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಹಾಗಾಗಿ ನಾವು ಕೊಂಡ ಪುಸ್ತಕಗಳನ್ನೇ ಪುಟ ಪುಟ ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಹಾಕಿ, ತಪ್ಪು ತಿದ್ದಿ ಅಮ್ಮನಿಗೆ ಓದಲು ಕೊಡುತ್ತಿದ್ದೇನೆ. ಆದರೆ ಇದು ನನ್ನ ಕೆಲಸವಲ್ಲ, ನಿಮ್ಮದು. ನಾನು ತಿದ್ದುತ್ತಿರುವ ಪ್ರತಿಯ ಮೂಲ ಕಡತ ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇರುವಾಗ, ಬೂಸ್ಟು ಹಿಡಿದ ಹಾಳೆಯ ಮೇಲೆ ಒಂದು ಸಾಲನ್ನು ಊಹಿಸುತ್ತ ಕೂರುವುದು ಎಂಥ ದಂಡದ ಕೆಲಸ!

ನನ್ನ ವಿನಂತಿಗಳು ಸಣ್ಣವು. ಇನ್ನು ಮುಂದೆ ಅಚ್ಚಿಗೆ ಹೋಗುವ ಪ್ರತಿ ಪುಸ್ತಕವನ್ನು ಯೂನಿಕೋಡಿನಲ್ಲಿ ಜೋಡಿಸಿ, ಅದರೊಂದಿಗೇ ಇಪಬ್ ಮಾಡಿ. ಮೊದಲೇ ಮಾಡಿದರೆ ಹೆಚ್ಚುವರಿ ಖರ್ಚು ಅಲ್ಪ. ಪ್ರತಿಗಳು ಮುಗಿದು ಮರುಮುದ್ರಣದ ಯೋಚನೆಯೂ ಇಲ್ಲದ ಪುಸ್ತಕಗಳನ್ನು ಹಳೆಯವುಗಳಲ್ಲಿ ಮೊದಲು ಎತ್ತಿಕೊಳ್ಳಿ, ಅಲ್ಲಿ ನಿಮ್ಮ ಅಚ್ಚಿನ ಮಾರಾಟಕ್ಕೆ ಪೆಟ್ಟು ಬೀಳುವ ಪ್ರಶ್ನೆಯೇ ಇಲ್ಲ. ಯಾವ ಯಂತ್ರಕ್ಕೆ ಬೇಕಾದರೂ ಹಾಕಿಕೊಳ್ಳಬಹುದಾದ, ಬೀಗ ಹಾಕದ ಕಡತ ಕೊಡಿ. ಬೆಲೆಯನ್ನು ಅಚ್ಚಿನ ಬೆಲೆಗಿಂತ ಒಂದಿಷ್ಟು ಕಡಿಮೆ ಇಟ್ಟರೆ ಸಂತೋಷ, ಯಂತ್ರಕ್ಕೆ ತೆತ್ತದ್ದು ನಿಧಾನವಾಗಿಯಾದರೂ ಹುಟ್ಟಲಿ. ಕಡಿಮೆ ಮಾಡಲಾಗದಿದ್ದರೆ ಪೂರ್ತಿ ಬೆಲೆಯನ್ನೇ ಕೊಡಲು ನಾನಂತೂ ತಯಾರು. ಇಪಬ್ ಸಿದ್ಧವಾದ ಮೇಲೆ ಒಂದು ಇ-ರೀಡರಿನಲ್ಲಿ ತೆರೆದು, ಅಕ್ಷರವನ್ನು ಅತಿ ದೊಡ್ಡ ಗಾತ್ರಕ್ಕೆ ಹಿಗ್ಗಿಸಿ, ಹತ್ತು ಪುಟ ನೀವೇ ಓದಿ ನೋಡಿ. ಅರ್ಕಾವತ್ತು ಜಾರಿದ ಪುಸ್ತಕವನ್ನು ದಯವಿಟ್ಟು ಮಾರಬೇಡಿ.

ಒರಲೆ ತಿಂದ ಸಾಲಿನಲ್ಲಿದ್ದ ಪುಸ್ತಕಗಳ ಪಟ್ಟಿ ನನ್ನಲ್ಲಿದೆ, ಪ್ರಕಾಶಕರ ಹೆಸರು ಸಮೇತ. ನಿಮ್ಮಲ್ಲಿ ಯಾರು ಇ-ಪ್ರತಿ ಮಾಡಿಕೊಡುತ್ತೇವೆಂದು ತಿಳಿಸುತ್ತೀರೋ ಅವರಿಗೆ ಅವರವರ ಪಾಲಿನ ಪಟ್ಟಿಯನ್ನು ಕಳುಹಿಸಿ, ಮುಂಗಡ ಹಣವನ್ನು ಅದೇ ದಿನ ಖಾತೆಗೆ ಹಾಕುತ್ತೇನೆ. ರಸೀದಿ ಮಾತ್ರ ತಪ್ಪದೆ ಕಳುಹಿಸಿ.

ಇತಿ ತಮ್ಮ ವಿಶ್ವಾಸಿ,
ಉಡುಪಿಯ ಒಬ್ಬ ಓದುಗಳು